ಚಿಕ್ಕಪ್ಪನ ಕಾರಿಗೆ ನಾನು ಹಾಕಿದ ಒಂದಡಿ ಪೈಪು

ಎಂಟನೇ ಕ್ಲಾಸಿನಲ್ಲಿದ್ದಾಗ ನಾನು ಒಂದು ಕಾರಿನ ಗಂಟಲು ಹಿಸುಕಿದೆ. ಬೇಕೆಂದು ಹಿಸುಕಿದ್ದಲ್ಲ, ಅದಕ್ಕೆ ಇನ್ನಷ್ಟು ಪೆಟ್ರೋಲು ಕುಡಿಸೋಣ ಅಂತ ಹೋಗಿ ಹಿಸುಕಿದ್ದು. ಅದೂ ನಾಗಮಂಗಲದ ಹತ್ತಿರ ಒಂದು ಒಣಗಿದ ಕೆರೆಯ ಅಂಗಳದಲ್ಲಿ, ಅರ್ಧ ತಾಲ್ಲೂಕು ನಿಂತು ನೋಡುತ್ತಿದ್ದಾಗ. ಅರ್ಧ ತಾಲ್ಲೂಕು ಅಂದದ್ದು ಜಾಸ್ತಿಯಾಯಿತೇನೋ. ಆದರೆ ಪೆದ್ದುತನ ಮಾಡಿದವನ ಕಣ್ಣಿಗೆ ಇಪ್ಪತ್ತು ಜನ ಇದ್ದರೂ ಅರ್ಧ ತಾಲ್ಲೂಕಿನಂತೆಯೇ ಕಾಣುತ್ತದೆ.

ನಮ್ಮ ಕಿರಂಗೂರಿನೊಳಕ್ಕೆ ಆಗ ಕಾರು ಬಂತೆಂದರೆ ಮದುವೆ, ಎಲೆಕ್ಷನ್ನು, ಇಲ್ಲವೇ ಯಾರಿಗೋ ತೀರಾ ಹುಷಾರಿಲ್ಲ ಅಂತ ಅರ್ಥ. ಹುಡುಗರು ಕಾರಿನ ಹಿಂದೆ ಓಡುತ್ತಿದ್ದದ್ದು ಕಾರು ನೋಡಲಿಕ್ಕಲ್ಲ, ಹೊಗೆ ಕುಡಿಯಲಿಕ್ಕೆ. ಶಿವರಾತ್ರಿ ಕಳೆದ ಹೊತ್ತಿಗೆ ಸುತ್ತಲಿನ ಆಲೆಮನೆಗಳಲ್ಲಿ ಕೊಪ್ಪರಿಗೆ ಕುದಿಯುತ್ತಿರುತ್ತಿತ್ತು. ಆ ವರ್ಷ ನಮ್ಮ ಹಿತ್ತಿಲಲ್ಲಿ ಚಿಕ್ಕಪ್ಪನ ಕಾರೂ ಇತ್ತು. ಒಂದು ಕಡೆಯಿಂದ ಬೆಲ್ಲದ ವಾಸನೆ, ಇನ್ನೊಂದು ಕಡೆಯಿಂದ ಪೆಟ್ರೋಲಿನ ವಾಸನೆ. ಇವತ್ತಿಗೂ ಪೆಟ್ರೋಲ್ ಬಂಕಿನಲ್ಲಿ ನಿಂತರೆ ನನಗೆ ಬಿಸಿ ಬೆಲ್ಲ ತಿನ್ನಬೇಕೆನಿಸುತ್ತದೆ. ಬಂಕಿನ ಹುಡುಗನಿಗೆ ಇದನ್ನು ಒಂದು ಸಲ ಹೇಳಿದೆ, ಅವನು ಎರಡು ಹೆಜ್ಜೆ ಹಿಂದೆ ಸರಿದ.

ಚಿಕ್ಕಪ್ಪ ಅಂದರೆ ನಮ್ಮಪ್ಪನ ತಮ್ಮ ಕೆಂಪರಾಜು. ಆಗ ಇಪ್ಪತ್ತೈದಿರಬೇಕು. ಟ್ರಾಕ್ಟರನ್ನೇ ಮೋಟಾರ್ ಸೈಕಲ್ಲಿನಂತೆ ಓಡಿಸುತ್ತಿದ್ದ ಮನುಷ್ಯ. ಮಾಕವಳ್ಳಿ ಕಡೆಯ ಒಬ್ಬ ಕಬ್ಬಿನ ಕಂತ್ರಾಟುದಾರರಿಂದ ಹಳೇ ಕಾರೊಂದನ್ನು ತಂದಿದ್ದ. ಆಗ ನಮ್ಮ ರಸ್ತೆಗಳ ಮೇಲೆ ಮೂರೇ ಜಾತಿಯ ಕಾರು: ಮಂತ್ರಿಗಳ ಗುಂಡನೆಯದು, ಡಾಕ್ಟರುಗಳ ಪುಟಾಣಿಯದು, ಎರಡರ ನಡುವಿನದು ಇನ್ನೊಂದು. ಚಿಕ್ಕಪ್ಪನದು ಆ ನಡುವಿನದು. ಅದನ್ನು ರೇಸ್ ಕಾರು ಮಾಡುತ್ತೇನೆ ಅಂತ ಹಿಂದಿನ ಸೀಟು ಕಿತ್ತ, ಬಾಗಿಲಿನ ಒಳಗಿನ ರೆಕ್ಸಿನ್ ಕಿತ್ತ, ಸೈಲೆನ್ಸರ್ ಅರ್ಧಕ್ಕೆ ಕತ್ತರಿಸಿದ. ಅಜ್ಜಿ ಕಿತ್ತ ಸೀಟನ್ನು ಜಗಲಿಯ ಮೇಲೆ ಹಾಕಿಸಿಕೊಂಡು, ಅದರ ಮೇಲೆ ಕೂತೇ ಅವರೆಕಾಯಿ ಸುಲಿಯತೊಡಗಿದರು.

ಈ ಕೆಲಸದಲ್ಲೆಲ್ಲ ಚಿಕ್ಕಪ್ಪನ ಜೊತೆ ಇದ್ದವನು ಬಾಷಣ್ಣ. ಪಾಂಡವಪುರದ ರಸ್ತೆಯಲ್ಲಿ ತಗಡಿನ ಶೆಡ್ಡು, ಮನೆ ಪಟ್ಟಣದ ಕೋಟೆಯೊಳಗೆ. ಇಬ್ಬರೂ ಏಳನೇ ಕ್ಲಾಸಿನವರೆಗೆ ಒಂದೇ ಬೆಂಚು, ಆಮೇಲೆ ಒಂದೇ ಬೀಡಿ. ಪ್ರತಿ ವರ್ಷ ನಮ್ಮ ಆಲೆಮನೆಯ ಮೊದಲ ಪಾಕದ ಬೆಲ್ಲದಲ್ಲಿ ಎರಡು ಅಚ್ಚು ದೇವರ ಮುಂದೆ, ಹತ್ತು ಅಚ್ಚು ಬಾಷಣ್ಣನ ಮನೆಗೆ. ತಾತನ ಕಾಲದಿಂದಲ್ಲ, ಚಿಕ್ಕಪ್ಪನ ಕಾಲದಿಂದ ಶುರುವಾದ ಪದ್ಧತಿ ಅದು. ಆದರೆ ಮನೆಯಲ್ಲಿ ಎಲ್ಲರೂ ಅದು ಹಂಪಿಯ ಕಾಲದಿಂದ ಇದೆ ಎನ್ನುವಂತೆ ನಡೆದುಕೊಳ್ಳುತ್ತಿದ್ದರು.

ಮೈಸೂರಿನಿಂದ ಕಾರಿನ ಹುಚ್ಚಿನವರ ಒಂದು ಗುಂಪು ನಾಗಮಂಗಲದ ಹತ್ತಿರ ಮಣ್ಣಿನ ಓಟ ಇಟ್ಟುಕೊಂಡಿತ್ತು. ಒಂದೊಂದೇ ಕಾರು ಕೆರೆಯಂಗಳದಲ್ಲಿ ಮೂರು ಸುತ್ತು ಬರಬೇಕು. ಒಬ್ಬೊಬ್ಬರಿಗೆ ಎರಡು ಸಲ ಅವಕಾಶ. ಯಾವುದು ಬೇಗವೋ ಅದು ಲೆಕ್ಕಕ್ಕೆ. ಚಿಕ್ಕಪ್ಪ ಹೆಸರು ಬರೆಸಿ ಬಂದ. ಆ ಸುದ್ದಿ ಕೇಳಿ ತಾತ ಎಲೆಯಡಿಕೆ ಉಗುಳಿ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದರು. ದನ ಕೊಳ್ಳುವವರ ನೋಟ. ಬಾಯಿ ಬಿಡಿಸಿ ಹಲ್ಲು ಎಣಿಸಲಿಲ್ಲ ಅಷ್ಟೆ.

"ಗೆಲ್ಲಾದೇನೂ ಬ್ಯಾಡ ಕಣ್ಲಾ ಕೆಂಪ," ಅಂದರು. "ಆದ್ರೆ ನಡುದಾರೀಲಿ ನಿಂತ್ಕತು ಅಂದ್ರೆ ಅವತ್ತೇ ಮಾರ್ಬುಡ್ಬೇಕು. ನೊಗ ಕಟ್ಟುದ್‌ಮ್ಯಾಕೆ ಮಲಗೋ ಎತ್ತ ನಮ್ಮ ಅಟ್ಟೀಲಿ ಯಾವತ್ತೂ ಮಡಿಕ್ಕಂಡಿಲ್ಲ. ಹೇಮಗಿರಿ ಜಾತ್ರೆಗೆ ಹೊಡ್ಕಂಡೋಗಿ ಮಾರ್ಬುಟ್ಟೇ ಬತ್ತಿದ್ದೋ."

"ಇದು ಎತ್ತಲ್ಲ ಕಣಪ್ಪ, ಕಾರು."

"ಹುಲ್ಲು ತಿನ್ನಲ್ಲ ಅನ್ನೋದೊಂದ್ ಬುಟ್ರೆ ಏನ್ಲಾ ವ್ಯತ್ಯಾಸ? ನಾನೂ ಬತ್ತೀನಿ ನೋಡಕ್ಕೆ."

ಚಿಕ್ಕಪ್ಪ ಮಾತು ಕೊಟ್ಟ. ಕೊಡದೆ ವಿಧಿಯಿರಲಿಲ್ಲ. ಕಾರು ನಿಂತಿದ್ದದ್ದು ತಾತನ ಹಿತ್ತಿಲಲ್ಲಿ.

ಓಟಕ್ಕೆ ಒಂದು ದಿನ ಮುಂಚೆ ಒಂದು ತೊಂದರೆ ಉಳಿದಿತ್ತು. ವೇಗ ಅರವತ್ತು ದಾಟುತ್ತಿದ್ದ ಹಾಗೆ ಕಾರು ಕೆಮ್ಮುತ್ತಿತ್ತು. ಬಾಷಣ್ಣ ಕಾರಿನ ಕೆಳಗಿನಿಂದಲೇ ಪಾಠ ಮಾಡಿದ. ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು. ಎಷ್ಟೋ ದಿನ ನಾನು ಆ ಕಾಲುಗಳನ್ನು ನೋಡಿಕೊಂಡೇ ಅವನ ಜೊತೆ ಮಾತಾಡಿದ್ದೇನೆ.

"ಎರಡು ಕಾರ್ಬುರೇಟರ್ ಕೂರ್ಸಿದ್ದೀವಿ ಬೇಟಾ. ಈಗ ಇದಕ್ಕೆ ಎರಡು ಹೊಟ್ಟೆ. ಗಂಟಲು ಮಾತ್ರ ಹಳೇದು, ಒಳಗೆಲ್ಲಾ ತುಕ್ಕು. ಇಂಜಿನ್ ಪಕ್ಕದ ಪಂಪು ಎಳೀತದೆ, ಎಳೀತದೆ, ಟ್ಯಾಂಕಿಂದ ಬರೋದೇ ಚಮಚದಲ್ಲಿ."

ಅದಕ್ಕೆ ಅವನು ಟ್ಯಾಂಕಿನಿಂದ ಪಂಪಿನವರೆಗೆ ಹೊಸದಾಗಿ, ಕೊಂಚ ದಪ್ಪನೆಯ ತಾಮ್ರದ ಪೈಪು ಎಳೆದ. ಬಾಗಬೇಕಾದ ಕಡೆ ಒಳಗೆ ಮರಳು ತುಂಬಿ ಬಗ್ಗಿಸಿ, ಆಮೇಲೆ ಮರಳನ್ನು ಗಾಳಿ ಹೊಡೆದು ತೆಗೆದ. ತಾಮ್ರ ಕಾರಿನ ಹೊಟ್ಟೆಯ ಕೆಳಗೆ ಹೊಸ ಮದುಮಗಳ ಬಳೆಯಂತೆ ಹೊಳೆಯುತ್ತಿತ್ತು. ಎರಡು ತುದಿಗೂ ಒಂದೊಂದು ತುಂಡು ರಬ್ಬರ್ ಪೈಪು ಬರಬೇಕು. ಇಲ್ಲದಿದ್ದರೆ ಕಾರಿನ ನಡುಕಕ್ಕೆ ತಾಮ್ರ ಬಿರುಕು ಬಿಡುತ್ತದೆ. ಮುಂದಿನ ತುಂಡು ಹಾಕಿಯಾಯಿತು. ಅಷ್ಟರಲ್ಲಿ ಪಟ್ಟಣದಿಂದ ಒಬ್ಬ ಸೈಕಲ್ಲಿನಲ್ಲಿ ಬಂದು, "ನಿಮ್ಮ ಅಮ್ಮೀಜಾನ್ ಬಚ್ಚಲಲ್ಲಿ ಜಾರಿ ಬಿದ್ದವ್ರೆ" ಅಂದ. ಬಾಷಣ್ಣ ಕೈ ಒರೆಸಿಕೊಳ್ಳುತ್ತಲೇ ಎದ್ದ. ಚಿಕ್ಕಪ್ಪ ಬಾಗಿಲಿನ ಮೇಲೆ ನಂಬರು ಬರೆಯಲು ಬಣ್ಣ ತರಲಿಕ್ಕೆ ಹೋಗಿದ್ದ. ಅಲ್ಲಿದ್ದವನು ನಾನು.

"ಟ್ಯಾಂಕ್ ಹತ್ರದ ತುಂಡು ಒಂದೇ ಉಳೀತು ನೋಡು ಸತೀಶ. ಎರಡು ಕ್ಲಿಪ್ಪು. ಹಾಕ್ತೀಯಾ, ಬೆಳಿಗ್ಗೆ ನಾನೇ ಬರ್ಲಾ?"

"ಹಾಕ್ತೀನಿ ಬಾಷಣ್ಣ. ಕಣ್ ಮುಚ್ಕೊಂಡ್ ಹಾಕ್ತೀನಿ."

"ಕಣ್ ಬಿಟ್ಕೊಂಡೇ ಹಾಕೋ ಬೇಟಾ. ಬೆಳಿಗ್ಗೆ ನನಗೊಂದ್ಸಲ ತೋರ್ಸು."

ಅವನು ಕೊಟ್ಟು ಹೋದದ್ದು ಕಪ್ಪನೆಯ, ನೋಡಲು ಬೆರಳಿಗಿಂತ ಸಣ್ಣ ಪೈಪು. ಹೊರಗೆ ಬಟ್ಟೆಯ ಹೆಣಿಗೆ, ಮುಟ್ಟಿದರೆ ಒಣಗಿದ ಹಾವಿನಂತೆ ಗಡಸು. ನಾನು ಕಾರಿನ ಕೆಳಗೆ ತೂರಿ ಅದನ್ನು ತಾಮ್ರದ ತುದಿಗೆ ತುರುಕಿದೆ. ಹೋಗಲಿಲ್ಲ. ಎಂಜಲು ಹಚ್ಚಿದೆ. ಸೋಪು ಹಚ್ಚಿದೆ. ಬೈದೆ. ಅರ್ಧ ಗಂಟೆಯಲ್ಲಿ ನನ್ನ ಎರಡು ಬೆರಳಿನ ಗೆಣ್ಣು ತರಚಿತು, ಪೈಪು ಮಾತ್ರ ಇದ್ದಲ್ಲೇ ಇತ್ತು.

ಹಾಗೆ ಅಂಗಾತ ಮಲಗಿಕೊಂಡಿದ್ದಾಗ ನನಗೆ ಜ್ಞಾನೋದಯವಾಯಿತು. ನಮ್ಮ ಮನೆಗೆ ಆಗ ಹೊಸ ಬಚ್ಚಲು ಕಟ್ಟುತ್ತಿದ್ದರು. ಗಾರೆ ಕೆಲಸದವರು ನೀರು ತುಂಬಿ ಗೋಡೆಯ ಮಟ್ಟ ನೋಡುವ ಉದ್ದನೆಯ ಪ್ಲಾಸ್ಟಿಕ್ ಪೈಪು ಅಲ್ಲೇ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಗಾಜಿನ ಹಾಗೆ ತಿಳಿ, ಮಗುವಿನ ತೋಳಿನಂತೆ ಮೃದು, ಈ ಕಪ್ಪು ಪೈಪಿಗಿಂತ ದಪ್ಪ. ನಾನು ರೈತನ ಮಗ. ಒಂದಿಂಚಿನ ಪೈಪಿಗಿಂತ ಎರಡಿಂಚಿನ ಪೈಪಿನಲ್ಲಿ ನೀರು ಜಾಸ್ತಿ ಬರುತ್ತದೆ ಅನ್ನುವುದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಷಣ್ಣನಂಥ ಮೆಕ್ಯಾನಿಕ್ಕಿಗೆ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ ಅಂತ ಅಯ್ಯೋ ಪಾಪ ಅನ್ನಿಸಿತು. ಕುಡುಗೋಲಿನಲ್ಲಿ ಒಂದಡಿ ಕತ್ತರಿಸಿದೆ. ಬಿಸಿನೀರಿಗೆ ಅದ್ದಿದೆ. ಬೆಣ್ಣೆಗೆ ಬೆರಳು ಇಟ್ಟ ಹಾಗೆ ಕೂತಿತು. ಕ್ಲಿಪ್ಪು ಬಿಗಿದೆ. ಪೆಟ್ರೋಲು ಒಳಗೆ ಓಡುವುದು ಕಣ್ಣಿಗೇ ಕಾಣುತ್ತಿತ್ತು, ಕೆಂಪಗೆ, ಶರಬತ್ತಿನ ಹಾಗೆ. ಕಪ್ಪು ಪೈಪನ್ನು ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗೆ ಎಸೆದೆ. ಓಟ ಗೆದ್ದ ಮೇಲೆ ತೋರಿಸಿ, "ಇದು ಬೇಕಾಗ್ಲೇ ಇಲ್ಲ" ಅನ್ನುವ ಯೋಚನೆಯಿತ್ತು.

ಭಾನುವಾರ ಬೆಳಿಗ್ಗೆ ಬಾಷಣ್ಣ ಬಂದಾಗ ಎಲ್ಲರಿಗೂ ಹೊರಡುವ ಗಡಿಬಿಡಿ. ಅಮ್ಮನಿಗೆ ಹೇಗಿದೆ ಅಂತ ಅಜ್ಜಿ ವಿಚಾರಿಸಿದರು, ಸೊಂಟ ಉಳುಕಿದೆ, ಮೂಳೆಗೇನೂ ಆಗಿಲ್ಲ ಅಂದ. ನಾನು ತೋರಿಸಲಿಲ್ಲ. ಅವನು ಕೇಳಲಿಲ್ಲ. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ತಾತ, ತಾತನ ಛತ್ರಿ, ನಾನು, ಬಾಷಣ್ಣ, ಎಲ್ಲರನ್ನೂ ಸೀಟಿಲ್ಲದ ಹಿಂಭಾಗಕ್ಕೆ ಗೋಣಿಚೀಲ ಹಾಕಿ ತುಂಬಿಕೊಂಡು ಕಾರು ಪಾಂಡವಪುರದ ಮೇಲೆ ನಾಗಮಂಗಲಕ್ಕೆ ಹೊರಟಿತು. ಚಿಕ್ಕಪ್ಪ ನಿಧಾನಕ್ಕೆ ಓಡಿಸಿದ, ಹಾಗಾಗಿ ಏನೂ ಆಗಲಿಲ್ಲ. ತಾತ ಮಾತ್ರ ಪ್ರತಿ ಹಳ್ಳಕ್ಕೂ ಚಿಕ್ಕಪ್ಪನ ಹೆಸರು ಹಿಡಿದು ಕೂಗುತ್ತಿದ್ದರು.

ಕೆರೆಯಂಗಳದಲ್ಲಿ ಸುಣ್ಣದ ಗೆರೆ ಎಳೆದು, ಕಲ್ಲಿನ ಬದಲು ಹಳೇ ಟಯರು ಇಟ್ಟು ದಾರಿ ಮಾಡಿದ್ದರು. ಸುತ್ತ ಏರಿಯ ಮೇಲೆ ಜನ. ಕಡಲೆಕಾಯಿ ಮಾರುವವನೂ, ಐಸ್ ಕ್ಯಾಂಡಿ ಪೆಟ್ಟಿಗೆಯವನೂ ಬಂದಿದ್ದರು. ನಮ್ಮ ಸರದಿ ಬಂತು. ಬಾವುಟ ಬಿತ್ತು. ಕಾರು ಕೆಂಪು ಧೂಳು ಎಬ್ಬಿಸಿಕೊಂಡು ಹೋದ ರಭಸಕ್ಕೆ ಏರಿಯ ಮೇಲಿನವರು ಶಿಳ್ಳೆ ಹೊಡೆದರು. ಮೊದಲ ಸುತ್ತು ಅಷ್ಟು ಚೆನ್ನಾಗಿತ್ತು. ನಾನು ಮನಸ್ಸಿನಲ್ಲೇ ಪೇಪರಿನಲ್ಲಿ ನನ್ನ ಫೋಟೋ ಹಾಕಿಸಿಕೊಂಡೆ.

ಎರಡನೇ ಸುತ್ತಿನಲ್ಲಿ, ಅತ್ತ ಕಡೆಯ ತಿರುವಿನಲ್ಲಿ, ಕಾರು ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು. ನಿಂತಿತು.

ಸ್ವಲ್ಪ ಹೊತ್ತಿಗೆ ತಾನೇ ಹೊರಟಿತು. ಮತ್ತೆ ನೂರು ಮಾರು ಹೋಗಿ ನಿಂತಿತು.

"ನೀರ್ ಕುಡ್ಸಣ್ಣೋ, ಬಾಯಾರೈತೆ!" ಅಂತ ಏರಿಯಿಂದ ಒಬ್ಬ ಕೂಗಿದ. "ಬಾಲ ತಿರುಚ್ಲಾ!" ಅಂದ ಇನ್ನೊಬ್ಬ.

ಕಾರು ಹೇಗೋ ವಾಪಸ್ಸು ಬಂದು ನಿಂತಾಗ ತಾತ ಅದರ ಹಿಂದೆ, ಅದರದೇ ನೆರಳಿನಲ್ಲಿ, ಛತ್ರಿ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತರು. ಎಲೆಗೆ ಸುಣ್ಣ ಸವರಿದರು. "ಮಲಗ್‌ಬುಡ್ತು," ಅಂದರು. ಅಷ್ಟೇ ಅಂದರು. ಚಿಕ್ಕಪ್ಪನ ಮುಖ ನೋಡಲಿಲ್ಲ. ನೋಡುವಂತೆಯೂ ಇರಲಿಲ್ಲ.

ಬಾನೆಟ್ಟು ತೆಗೆದರು. ಎರಡನೇ ಅವಕಾಶಕ್ಕೆ ಅರ್ಧ ಗಂಟೆಯಿತ್ತು. ಬಾಷಣ್ಣ ಪಾಯಿಂಟು ನೋಡಿದ, ಕಾಯಿಲ್ ಮುಟ್ಟಿದ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದ. ಕಾರ್ಬುರೇಟರಿನ ಮುಚ್ಚಳ ಬಿಚ್ಚಿ ಬಗ್ಗಿ ನೋಡಿ, "ಪೆಟ್ರೋಲೇ ಬರ್ತಿಲ್ಲ ಕೆಂಪ," ಅಂದ.

ಪೆಟ್ರೋಲು ಅಂದ ತಕ್ಷಣ ನನಗೆ ನನ್ನ ಪೈಪು ನೆನಪಾಯಿತು. ಮೆಲ್ಲಗೆ ಕಾರಿನ ಹಿಂದಕ್ಕೆ ಬಂದು, ಕಾಲಿನ ಲೇಸು ಕಟ್ಟುವವನ ಹಾಗೆ ಬಗ್ಗಿ, ಟ್ಯಾಂಕಿನ ಕೆಳಗೆ ನೋಡಿದೆ. ಕತ್ತರಿಸಿದ ಸೈಲೆನ್ಸರಿನ ಬಿಸಿ ನೇರ ನನ್ನ ಪೈಪಿನ ಮೇಲೇ ಬೀಸುತ್ತಿತ್ತು. ಪೈಪು ಬಾಡಿದ ಬಾಳೆದಿಂಡಿನ ಹಾಗೆ ಬಗ್ಗಿತ್ತು. ಮುಂದೆ ಚಿಕ್ಕಪ್ಪ ಇಂಜಿನ್ನು ಚಾಲೂ ಮಾಡಿ ಜೋರಾಗಿ ಒದರಿಸಿದ. ನನ್ನ ಕಣ್ಣೆದುರಿಗೇ ಪೈಪು ಚಪ್ಪಟೆಯಾಯಿತು. ಇಂಜಿನ್ನು ಸತ್ತಿತು. ಪೈಪು ಮೆಲ್ಲಗೆ ಉಬ್ಬಿ ಮತ್ತೆ ಗುಂಡಗಾಯಿತು, ಏನೂ ಗೊತ್ತಿಲ್ಲದವರ ಹಾಗೆ.

ಇದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಬಾವಿಯ ಪಂಪ್‌ಸೆಟ್ಟಿಗೆ ನೀರು ಮೇಲೆಳೆಯುವ ಕಡೆ ಗಟ್ಟಿ ಪೈಪೇ ಬೇಕು, ಮೆತ್ತನೆಯದು ಹಾಕಿದರೆ ಎಳೆತಕ್ಕೆ ಮುಚ್ಚಿಕೊಳ್ಳುತ್ತದೆ. ನೀರು ಆಚೆ ಬಿಡುವ ಕಡೆ ಎಂಥದಾದರೂ ನಡೆಯುತ್ತದೆ. ಆ ಎರಡೂ ಪೈಪುಗಳನ್ನು ಹೆಗಲ ಮೇಲೆ ಹೊತ್ತವನು ನಾನು. ನಮ್ಮೂರಿನ ಎಮ್ಮೆಗಳಿಗೂ ಗೊತ್ತಿದ್ದ ವಿಷಯ ಕಾರಿನ ಕೆಳಗೆ ಹೋದ ತಕ್ಷಣ ನನಗೆ ಮರೆತುಹೋಗಿತ್ತು.

ಈಗ ಹೇಳಬೇಕಿತ್ತು. ಒಳ್ಳೆಯ ಪೈಪು ಮೂರಡಿ ದೂರದಲ್ಲಿ, ಡಿಕ್ಕಿಯಲ್ಲಿತ್ತು. ನನ್ನ ಬಾಯಿ ಮಾತ್ರ ತೆರೆಯಲಿಲ್ಲ.

ಮುಂದೆ ಚಿಕ್ಕಪ್ಪನ ದನಿ ಏರುತ್ತಿತ್ತು. "ನಿನ್ ಕೈಲಾಗಲ್ಲ ಅಂದ್ರೆ ಮೊದ್ಲೇ ಏಳ್ಬೇಕಿತ್ತು ಬಾಷಾ. ಆರು ತಿಂಗ್ಳು! ಆರು ತಿಂಗ್ಳು ನನ್ನ ಕುಣಿಸ್ದೆ."

"ಕೆಂಪ, ಒಂದ್ನಿಮಿಷ ನಿಧಾನ..."

"ಏನ್ ನಿಧಾನ? ಟ್ರಾಕ್ಟರ್ ರಿಪೇರಿ ಮಾಡ್ಕಂಡಿರೋನ್ನ ನಂಬಿ ಬಂದೆ ನೋಡು, ನನ್ ಬಾಯಿಗ್ ಮಣ್ಣಾಕ."

ಬಾಷಣ್ಣ ಸ್ಪ್ಯಾನರು ಒರೆಸಿದ. ಮತ್ತೆ ಒರೆಸಿದ. ಸುತ್ತ ಬೇರೆ ಕಾರಿನವರು ಬಂದು ನಿಂತಿದ್ದರು.

ಆಗ ತಾತನ ದನಿ ಕೇಳಿಸಿತು. ಕಾರಿನ ಹಿಂದಿನಿಂದ, ನೆಲದ ಮಟ್ಟದಿಂದ. "ಕೆಂಪಾ, ಇನ್ನೊಂದ್ಸಲ ಒದರ್ಸ್ಲಾ."

"ಯಾಕಪ್ಪಾ?"

"ಒದರ್ಸು ಅಂದ್ನಲ್ಲ. ಹವಾಯಿ ಚಪ್ಲಿಗೆ ಲೇಸ್ ಕಟ್ಟೋನ್ನ ನನ್ ಜೀವಮಾನ್ದಲ್ಲಿ ಇವತ್ತೇ ನೋಡಿದ್ದು. ಅವ್ನೇನ್ ನೋಡ್ದಾ ಅಂತ ನಾನೂ ನೋಡ್ತೀನಿ."

ನಾನು ನನ್ನ ಕಾಲು ನೋಡಿಕೊಂಡೆ. ಹೌದು, ಹವಾಯಿ ಚಪ್ಪಲಿ.

ಚಿಕ್ಕಪ್ಪ ಒದರಿಸಿದ. ತಾತ ಕೂತಲ್ಲಿಂದಲೇ ಕತ್ತು ಬಗ್ಗಿಸಿ, ಬಾಯಿಯ ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. "ಎತ್ತು ಮಲಗಿಲ್ಲ ಕಣ್ಲಾ. ಕತ್ತಿನ್ ಹಗ್ಗ ಸರಿಯಾಗಿ ಕಟ್ದೆ ಉಸ್ರು ಕಟ್ಟೈತೆ ಅಷ್ಟೆ. ಲೇ, ಎಳಿಯೋ ಕಡೀಕೆ ಮೆತ್ಗಿರೋ ಪೈಪ್ ಹಾಕ್ದೋನ್ ಯಾವನ್ಲಾ?"

ಬಾಷಣ್ಣ ಮಲಗಿ ಕಾರಿನ ಕೆಳಗೆ ತೂರಿದ. ಒಳಗಿನಿಂದ ಕತ್ತು ತಿರುಗಿಸಿ ಹೊರಗೆ ನೋಡಿದ. ಅವನಿಗೆ ಅಲ್ಲಿಂದ ಕಾಣುತ್ತಿದ್ದದ್ದು ನನ್ನ ಚಪ್ಪಲಿ, ತರಚಿದ ಗೆಣ್ಣಿನ ಕೈ. ಅವನ ಕಾಲುಗಳ ಜೊತೆ ಮಾತಾಡುತ್ತಿದ್ದವನು ನಾನು, ಆ ದಿನ ಅವನು ನನ್ನ ಕಾಲುಗಳನ್ನು ನೋಡಿದ.

"ನಾನೇ ಯಜಮಾನ್ರೇ," ಅಂದ. "ಅಮ್ಮೀದು ಗಡಿಬಿಡಿ ಇತ್ತಲ್ಲ. ಸಿಕ್ಕಿದ್ದು ಹಾಕ್ಬಿಟ್ಟೆ."

ಚಿಕ್ಕಪ್ಪ ಏನೇನು ಅಂದ ಅನ್ನುವುದನ್ನು ಬರೆಯುವುದಿಲ್ಲ. ಕೊನೆಯಲ್ಲಿ ಅಂದದ್ದು ಇಷ್ಟು: "ಇನ್ಮ್ಯಾಕೆ ನನ್ ಗಾಡಿ ಮುಟ್ಬ್ಯಾಡ. ನಮ್ಮಟ್ಟಿ ಕಡೀಕೂ ಬರ್ಬ್ಯಾಡ."

"ಈಗ ಗಟ್ಟಿ ಪೈಪ್ ಎಲ್ ತರಾದು?" ತಾತ ಕೇಳಿದರು. ಯಾರನ್ನು ಕೇಳಿದರೋ, ನೋಡುತ್ತಿದ್ದದ್ದು ನನ್ನನ್ನು.

"ಡಿಕ್ಕೀಲೈತೆ," ಅಂದೆ. "ಕರೀ ಪೈಪು. ಸ್ಟೆಪ್ನಿ ಕೆಳ್ಗೆ."

ಬುದ್ಧಿಯಿದ್ದ ಯಾರಿಗಾದರೂ ಅಷ್ಟು ಸಾಕಿತ್ತು. ಚಿಕ್ಕಪ್ಪನಿಗೆ ಕೋಪದಲ್ಲಿ ಕಿವಿ ಕೇಳಿಸುತ್ತಿರಲಿಲ್ಲ. ತಾತ ಎಲೆಯಡಿಕೆ ಉಗುಳಿದರು. ಬಾಷಣ್ಣ ನನಗೆ ಅರ್ಧ ಗಂಟೆಯಲ್ಲಿ ಆಗದ ಕೆಲಸವನ್ನು ನಾಲ್ಕು ನಿಮಿಷದಲ್ಲಿ ಮಾಡಿ, ಕೈ ಒರೆಸಿಕೊಂಡು, ಓಟ ನೋಡಲು ನಿಲ್ಲದೆ ನಾಗಮಂಗಲದ ಬಸ್ ಸ್ಟಾಂಡಿನ ಕಡೆ ನಡೆದುಹೋದ.

ಎರಡನೇ ಸಲ ಕಾರು ಮೂರು ಸುತ್ತನ್ನೂ ನಿಲ್ಲದೆ ಬಂತು. ಹನ್ನೊಂದು ಕಾರಿನಲ್ಲಿ ಏಳನೆಯದು. ತಾತ ಎದ್ದು ಅದರ ಬಾನೆಟ್ಟಿನ ಮೇಲೆ ಎತ್ತಿನ ಬೆನ್ನು ತಟ್ಟುವ ಹಾಗೆ ಎರಡು ಸಲ ತಟ್ಟಿದರು. ಕಾರು ಉಳಿಯಿತು. ವಾಪಸ್ಸು ಬರುವಾಗ ಹಿಂದೆ ಗೋಣಿಚೀಲದ ಮೇಲೆ ಜಾಗ ಜಾಸ್ತಿಯಿತ್ತು. ನಾನು ಕಾಲು ಚಾಚಲಿಲ್ಲ.

ಆ ವರ್ಷದ ಮೊದಲ ಪಾಕ ಇಳಿದದ್ದು ಅದಾಗಿ ನಾಲ್ಕು ದಿನಕ್ಕೆ. ಎರಡು ಅಚ್ಚು ದೇವರ ಮುಂದೆ ಹೋಯಿತು. ಇನ್ನು ಹತ್ತರ ಬಗ್ಗೆ ಯಾರೂ ಮಾತೆತ್ತಲಿಲ್ಲ. ಮುಂದಿನ ವರ್ಷವೂ ಎತ್ತಲಿಲ್ಲ. ಹಂಪಿಯ ಕಾಲದಿಂದ ಇದ್ದದ್ದು ಹಾಗೆ ಮುಗಿಯಿತು. ಕಾರನ್ನು ಚಿಕ್ಕಪ್ಪ ಬೇರೆ ಮೆಕ್ಯಾನಿಕ್ಕುಗಳ ಹತ್ತಿರ ಒಯ್ದ. ಯಾರ ಕೈಗೂ ಅದು ಒಗ್ಗಲಿಲ್ಲ, ಮೂರು ವರ್ಷಕ್ಕೆ ಕೋಳಿಗಳು ಅದರೊಳಗೆ ಮೊಟ್ಟೆಯಿಡತೊಡಗಿದವು. ಈಗ ನಮ್ಮ ಆಲೆಮನೆಯೂ ಇಲ್ಲ, ಆ ತಗಡಿನ ಶೆಡ್ಡು ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ನನ್ನ ಕಾರಿನ ಬಾನೆಟ್ಟು ತೆಗೆದರೆ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ, ಪೈಪು ಕಾಣುವುದಿಲ್ಲ. ಕಾರಿನ ಕೆಳಗೆ ಬಗ್ಗಿದರೆ ಯಾರ ಕಾಲೂ ಕಾಣುವುದಿಲ್ಲ. ಚಿಕ್ಕಪ್ಪ ಇವತ್ತಿಗೂ ಅದು ಬಾಷಣ್ಣನದೇ ತಪ್ಪೆಂದು ತಿಳಿದಿದ್ದಾನೆ. ಇದನ್ನು ಓದಿದರೆ ತಿಳಿಯುತ್ತದೆ. ಅವನು ಓದಲಿ ಅಂತಲೇ ಬರೆದದ್ದು. ಎದುರಿಗೆ ನಿಂತು ಹೇಳುವ ಧೈರ್ಯ ನನಗೆ ಆ ದಿನವೂ ಇರಲಿಲ್ಲ, ಈಗಲೂ ಇಲ್ಲ.

ಮೊದಲ ಪಾಕದ ದಿನವೇ ನಾನು ಎರಡು ಅಚ್ಚು ಬೆಲ್ಲ ಚಡ್ಡಿ ಜೇಬಿಗೆ ತುರುಕಿಕೊಂಡು ಶೆಡ್ಡಿಗೆ ಹೋಗಿದ್ದೆ. ಬಿಸಿ ಇನ್ನೂ ಆರಿರಲಿಲ್ಲ, ತೊಡೆ ಸುಡುತ್ತಿತ್ತು. ಯಾವುದೋ ವ್ಯಾನಿನ ಕೆಳಗಿನಿಂದ ಬಾಷಣ್ಣನ ಕಾಲುಗಳು ಹೊರಗೆ ಚಾಚಿದ್ದವು. ನಾನು ಆ ಕಾಲುಗಳಿಗೇ ಕೇಳಿದೆ: "ಯಾಕ್ ಬಾಷಣ್ಣ ನೀನೇ ಹಾಕಿದ್ದು ಅಂದೆ?"

ಸ್ಪ್ಯಾನರಿನ ಸದ್ದು ನಿಂತಿತು.

"ನೀನು ತೋರ್ಸಲಿಲ್ಲ. ನಾನು ನೋಡ್ಲಿಲ್ಲ. ಇಬ್ರದೂ ಸೇರಿ ಒಂದೇ ತಪ್ಪು ಬೇಟಾ, ಅದನ್ನ ಹೊರೋಕೆ ಇಬ್ರು ಯಾಕೆ? ಅವನು ನನಗೆ ಬೈದ, ಅಷ್ಟೆ. ನಿನಗಾದ್ರೆ ಹೊಡೀತಿದ್ದ. ಅಲ್ಲಾ ನೋಡ್ಕೊಂಡ, ಆ ಪೈಪು ಮುಚ್ಕೊಂಡ್ತು. ಬಿಚ್ಕೊಂಡಿದ್ರೆ ಪೆಟ್ರೋಲು ನೇರ ಬಿಸಿ ಸೈಲೆನ್ಸರ್ ಮೇಲೆ. ಆಗ ಬೈಯೋಕೆ ನನ್ ಕೆಂಪಾನೇ ಇರ್ತಿರ್ಲಿಲ್ಲ." ವ್ಯಾನಿನ ಕೆಳಗಿನಿಂದ ಎಣ್ಣೆ ಮೆತ್ತಿದ ಒಂದು ಕೈ ಹೊರಬಂತು. "ಜೇಬಲ್ಲಿ ಬೆಲ್ಲ ಇದೆ ಅಲ್ವಾ? ವಾಸನೆ ಬರ್ತಿದೆ. ಇಟ್ಟು ಹೋಗು. ಸ್ಪ್ಯಾನರ್ ಮಾತ್ರ ಯಾವುದೂ ಮುಟ್ಬೇಡ."